ಒಂದೇ ಸೌರಕಲೆಯಿಂದ ಬಲಮುರಿ ಅಲೆ, ಎಡಮುರಿ ಅಲೆ: ಯಾವುದನ್ನು ನಂಬಬೇಕು?

ಪ್ರಶ್ನೆ: 23ನೇ ಸೌರಚಕ್ರದ (ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುವ ಚಕ್ರಗಳಲ್ಲಿ ಒಂದು) ಹಳೆಯ ದತ್ತಾಂಶ ನೋಡುತ್ತಿದ್ದೆ. ಸೂರ್ಯನ ಉತ್ತರಾರ್ಧದಲ್ಲಿ ಒಂದು ದೊಡ್ಡ ಕಲೆಗಳ ಗುಂಪಿತ್ತು. ಅದರ ಮುಂದಿನ ಕಲೆ (ಸೂರ್ಯ ತಿರುಗುವ ದಿಕ್ಕಿನಲ್ಲಿ ಮುಂದಿರುವುದು) ಉತ್ತರ ಧ್ರುವ ಅಂತ ಕಾಂತನಕ್ಷೆ ಹೇಳುತ್ತದೆ. 17 ಗಿಗಾಹರ್ಟ್ಸ್ ರೇಡಿಯೋ ಚಿತ್ರದಲ್ಲಿ ಆ ಕಲೆಯ ಅಲೆ ಬಲಮುರಿ (ಅಲೆಯ ವಿದ್ಯುತ್ ಕ್ಷೇತ್ರ ತಿರುಗುವ ಎರಡು ದಿಕ್ಕುಗಳಲ್ಲಿ ಒಂದು). ಅದೇ ದಿನ 164 ಮೆಗಾಹರ್ಟ್ಸ್‌ನಲ್ಲಿ ಅದೇ ಗುಂಪಿನ ಮೇಲಿಂದ ಬಂದ ಗದ್ದಲ ಪೂರ್ತಿ ಎಡಮುರಿ. ಒಂದೇ ಕಾಂತಕ್ಷೇತ್ರ ಎರಡು ವಿರುದ್ಧ ಉತ್ತರ ಕೊಡುವುದು ಹೇಗೆ? ಈ ಧ್ರುವೀಕರಣದಿಂದ, ಅಂದರೆ ಒಂದು ಮುರಿ ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಅನ್ನುವುದರಿಂದ, ಕಾಂತಕ್ಷೇತ್ರ ಇಷ್ಟು ಗಾಸ್ (ಕಾಂತಕ್ಷೇತ್ರದ ಅಳತೆಯ ಏಕಮಾನ) ಅಂತ ಲೆಕ್ಕ ಹಾಕಬಹುದೇ? ಬೆಳಕಿನಲ್ಲೇ ಅಳೆಯುತ್ತಾರಲ್ಲ, ರೇಡಿಯೋ ಯಾಕೆ ಬೇಕು?

ಉತ್ತರ: ನೀವು ನೋಡಿದ ಎರಡೂ ಅಳತೆ ಸರಿ. ಎರಡೂ ಒಂದೇ ಧ್ರುವವನ್ನು ಹೇಳುತ್ತಿವೆ. ಬೇರೆಯಾಗಿರುವುದು ಅಲೆ ಹುಟ್ಟಿದ ರೀತಿ.

ಮುರಿ ನೋಡಿದ ತಕ್ಷಣ "ಇದು ಉತ್ತರ, ಇದು ದಕ್ಷಿಣ" ಅಂತ ಹೇಳೋಕೆ ಆಗುವುದಿಲ್ಲ. ಆ ಅಲೆ ಹೇಗೆ ಹುಟ್ಟಿತು ಅನ್ನುವುದು ಮೊದಲು ಗೊತ್ತಾಗಬೇಕು. ಆಮೇಲೆ ಯಾವ ದಾರಿಯಲ್ಲಿ ನಮ್ಮ ಹತ್ತಿರ ಬಂತು ಅನ್ನುವುದೂ ಗೊತ್ತಾಗಬೇಕು. ಇವೆರಡನ್ನೂ ಬಿಟ್ಟು ಮುರಿಯಿಂದ ನೇರವಾಗಿ ಧ್ರುವಕ್ಕೆ ಜಿಗಿದರೆ ಅರ್ಧಕ್ಕರ್ಧ ಸಲ ತಪ್ಪಾಗುತ್ತದೆ. ಎರಡನ್ನೂ ಹಿಡಿದುಕೊಂಡು ಹೋದರೆ, ಸೂರ್ಯನ ಕರೋನಾದ, ಅಂದರೆ ಅದರ ಹೊರಗಿನ ಬಿಸಿ ವಾತಾವರಣದ, ಕಾಂತಕ್ಷೇತ್ರ ತಿಳಿಯೋಕೆ ಇಷ್ಟು ಒಳ್ಳೆಯ ದಾರಿ ಬೇರೆ ಹೆಚ್ಚಿಲ್ಲ.

ಎಲೆಕ್ಟ್ರಾನ್‌ನಿಂದ ಶುರು ಮಾಡೋಣ. ಕಾಂತಕ್ಷೇತ್ರದೊಳಗಿನ ಎಲೆಕ್ಟ್ರಾನ್ ಬಲರೇಖೆಯ ಸುತ್ತ ಸುತ್ತುತ್ತಾ ಇರುತ್ತದೆ. ಅದರ ವೇಗ ಬೆಳಕಿನ ವೇಗಕ್ಕಿಂತ ತುಂಬಾ ಕಡಿಮೆ ಇದ್ದರೆ, ಸೆಕೆಂಡಿಗೆ ಎಷ್ಟು ಸುತ್ತು ಅನ್ನುವುದನ್ನು ಕಾಂತಕ್ಷೇತ್ರ ಒಂದೇ ತೀರ್ಮಾನಿಸುತ್ತದೆ. ಒಂದು ಗಾಸ್‌ಗೆ 28 ಲಕ್ಷ ಸುತ್ತು, ಅಂದರೆ 2.8 ಮೆಗಾಹರ್ಟ್ಸ್. 1000 ಗಾಸ್ ಇದ್ದರೆ 2.8 ಗಿಗಾಹರ್ಟ್ಸ್. ಈ 2.8 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕ ಬಹುಪಾಲು ಇದರ ಮೇಲೇ ನಿಂತಿದೆ.

ಎಲೆಕ್ಟ್ರಾನ್‌ಗೆ ಹೀಗೆ ಸುತ್ತುವ ದಿಕ್ಕು ಒಂದೇ ಇರುವುದರಿಂದ, ಅದರ ನಡುವೆ ಹಾಯುವ ರೇಡಿಯೋ ಅಲೆಗಳಿಗೆ ಎರಡು ಬಗೆ ಬರುತ್ತದೆ. ಅಲೆಯ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನ್ ಸುತ್ತುವ ದಿಕ್ಕಿಗೇ ತಿರುಗುತ್ತಿದ್ದರೆ ಅದು ಎಕ್ಸ್ ಅಲೆ. ಎದುರು ದಿಕ್ಕಿಗೆ ತಿರುಗುತ್ತಿದ್ದರೆ ಓ ಅಲೆ. ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದ ಹಾಗೆ, ಎಕ್ಸ್ ಅಲೆ ಎಲೆಕ್ಟ್ರಾನ್‌ಗಳ ಜೊತೆ ಜಾಸ್ತಿ ಶಕ್ತಿ ಕೊಡುಕೊಳ್ಳುವಿಕೆ ಮಾಡುತ್ತದೆ. ಓ ಅಲೆಗೆ ಅಷ್ಟು ಹಿಡಿತ ಸಿಗುವುದಿಲ್ಲ.

ಉತ್ತರ ಧ್ರುವದ ಕಲೆಯಲ್ಲಿ ಬಲರೇಖೆಗಳು ನಮ್ಮ ಕಡೆಗೆ ಬರುತ್ತವೆ. ಅಲ್ಲಿ ಎಲೆಕ್ಟ್ರಾನ್‌ಗಳು ನಮಗೆ ಕಾಣುವಂತೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ರೇಡಿಯೋದವರ ಪದ್ಧತಿಯಲ್ಲಿ ಇದಕ್ಕೆ ಬಲಮುರಿ ಅನ್ನುತ್ತಾರೆ: ಬಲಗೈ ಹೆಬ್ಬೆರಳನ್ನು ಅಲೆ ಹೋಗುವ ದಿಕ್ಕಿಗೆ ಇಟ್ಟರೆ, ಉಳಿದ ಬೆರಳುಗಳು ವಿದ್ಯುತ್ ಕ್ಷೇತ್ರ ತಿರುಗುವ ದಿಕ್ಕು ತೋರಿಸುತ್ತವೆ. ಹಾಗಾಗಿ ಉತ್ತರ ಧ್ರುವದ ಮೇಲೆ ಎಕ್ಸ್ ಅಲೆ ಬಲಮುರಿ, ಓ ಅಲೆ ಎಡಮುರಿ. ದಕ್ಷಿಣ ಧ್ರುವದ ಮೇಲೆ ಎಲ್ಲ ತಿರುವುಮುರುವು.

ಇಲ್ಲೊಂದು ಎಚ್ಚರಿಕೆ. ಬೆಳಕಿನ ಅಧ್ಯಯನ ಮಾಡುವವರಲ್ಲಿ ಬಹಳ ಜನ ಇದೇ ಅಲೆಗೆ ಎಡಮುರಿ ಅನ್ನುತ್ತಾರೆ. ಬೇರೆ ಬೇರೆ ಕಡೆಯ ದತ್ತಾಂಶ ಜೋಡಿಸುವಾಗ ಯಾರು ಯಾವ ಪದ್ಧತಿ ಹಿಡಿದಿದ್ದಾರೆ ಅಂತ ನೋಡಲೇಬೇಕು. ಡಿಶ್ ಆಂಟೆನಾ ಆದರೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಅಲೆ ಡಿಶ್‌ಗೆ ಬಡಿದು ವಾಪಸ್ ಬರುವಾಗ ಮುರಿ ಬದಲಾಗುತ್ತದೆ. ಆಕಾಶದಿಂದ ಬಲಮುರಿಯಾಗಿ ಬಂದದ್ದು, ಡಿಶ್‌ನ ಎದುರು ಕೂತ ಗ್ರಾಹಕಕ್ಕೆ ಎಡಮುರಿಯಾಗಿ ಸಿಗುತ್ತದೆ. ನೀವು ಬಳಸಿದಂಥ ತಿದ್ದಿ ಇಟ್ಟ ದತ್ತಾಂಶದಲ್ಲಿ ಇದನ್ನು ಸರಿಪಡಿಸಿರುತ್ತಾರೆ. ಸ್ವಂತವಾಗಿ ಆಂಟೆನಾ ಕಟ್ಟುವವರು ಮಾತ್ರ ಮರೆಯಬಾರದು.

ಈಗ ನಿಮ್ಮ 17 ಗಿಗಾಹರ್ಟ್ಸ್ ಚಿತ್ರಕ್ಕೆ ಬರೋಣ. ಅದು ಜಪಾನಿನ ನೊಬೆಯಾಮಾ ರೇಡಿಯೋ ಹೀಲಿಯೋಗ್ರಾಫ್‌ನದ್ದು ಇರಬೇಕು. 1992ರಿಂದ 2020ರವರೆಗೆ ಅದು 17 ಗಿಗಾಹರ್ಟ್ಸ್‌ನಲ್ಲಿ ಸೂರ್ಯನ ಚಿತ್ರ ತೆಗೆಯುತ್ತಿತ್ತು, ಬಲಮುರಿ ಎಡಮುರಿ ಬೇರೆ ಬೇರೆಯಾಗಿ. ಅಷ್ಟು ವರ್ಷ ಒಂದೇ ಉಪಕರಣದಿಂದ ಸಿಕ್ಕ ಇಂಥ ದಾಖಲೆ ಸೌರ ರೇಡಿಯೋ ವಿಜ್ಞಾನಕ್ಕೆ ದೊಡ್ಡ ಆಸ್ತಿ. ಹಳೆಯದು ಅಂತ ಬದಿಗಿಡದೆ ನೀವು ಅದನ್ನು ತೆರೆದು ನೋಡಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಕಲೆಯ ಮೇಲೆ ಈ ಫ್ರೀಕ್ವೆನ್ಸಿಯಲ್ಲಿ ಹೊಳೆಯುವುದು ಸುತ್ತುವ ಎಲೆಕ್ಟ್ರಾನ್‌ಗಳ ಅನುರಣನೆ. ಎಲೆಕ್ಟ್ರಾನ್ ತಾನು ಸುತ್ತುವ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿಯಲ್ಲೂ ಅಲೆ ಸೂಸುತ್ತದೆ, ಹೀರುತ್ತದೆ. ಕರೋನಾದ ಹತ್ತು-ಇಪ್ಪತ್ತು ಲಕ್ಷ ಡಿಗ್ರಿ ಶಾಖದಲ್ಲಿ ಎಕ್ಸ್ ಅಲೆಗೆ ಮೂರರಷ್ಟಿನ ಪದರ ಸಾಕಷ್ಟು ದಟ್ಟ, ಅಂದರೆ ಅದರಾಚೆ ಕಾಣುವುದಿಲ್ಲ. ಓ ಅಲೆಗೆ ಮೂರರಷ್ಟಿನ ಪದರ ತೆಳು. ಅದು ಎರಡರಷ್ಟಿನ ಪದರಕ್ಕೆ ಹೋಗಿ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿ. 17 ಗಿಗಾಹರ್ಟ್ಸ್ ಅಂದರೆ 17000 ಮೆಗಾಹರ್ಟ್ಸ್. ಅದನ್ನು 3ರಿಂದಲೂ 2.8ರಿಂದಲೂ ಭಾಗಿಸಿದರೆ ಸುಮಾರು 2000 ಗಾಸ್. 2ರಿಂದ ಮತ್ತು 2.8ರಿಂದ ಭಾಗಿಸಿದರೆ ಸುಮಾರು 3000 ಗಾಸ್. ಅಂದರೆ ಎಕ್ಸ್ ಅಲೆ 2000 ಗಾಸ್ ಇರುವ ಪದರವನ್ನು ತೋರಿಸುತ್ತದೆ. ಓ ಅಲೆ 3000 ಗಾಸ್ ಇರುವ ಪದರವನ್ನು ತೋರಿಸುತ್ತದೆ. ಕಲೆಯ ಮೇಲೆ ಎತ್ತರಕ್ಕೆ ಹೋದ ಹಾಗೆ ಕಾಂತಕ್ಷೇತ್ರ ಇಳಿಯುತ್ತದೆ, ಆದ್ದರಿಂದ 2000 ಗಾಸ್‌ನ ಪದರ ಮೇಲಿರುತ್ತದೆ, 3000ದ್ದು ಕೆಳಗಿರುತ್ತದೆ. ಮೇಲಿನದು ಕರೋನಾದೊಳಗೆ ಹತ್ತು ಲಕ್ಷ ಡಿಗ್ರಿ ಬಿಸಿಯಲ್ಲಿದ್ದು, ಕೆಳಗಿನದು ಕರೋನಾದ ಕೆಳಗಿನ ಪದರವಾದ ಹತ್ತು ಸಾವಿರ ಡಿಗ್ರಿಯ ವರ್ಣಗೋಳದಲ್ಲಿ ಉಳಿದುಕೊಂಡಿದ್ದರೆ? ಎಕ್ಸ್ ಅಲೆ ಹತ್ತು ಲಕ್ಷ ಡಿಗ್ರಿ ಹೊಳಪು ತೋರಿಸುತ್ತದೆ, ಓ ಅಲೆ ಬರೀ ಹತ್ತು ಸಾವಿರ. ಧ್ರುವೀಕರಣ ಹೆಚ್ಚುಕಡಿಮೆ ಶೇ. 100 ಆಗಿಬಿಡುತ್ತದೆ. ನೊಬೆಯಾಮಾ ಚಿತ್ರಗಳಲ್ಲಿ ಇಂಥ ಕಲೆಗಳು ನಿಜಕ್ಕೂ ಕಂಡಿವೆ.

ನಿಮ್ಮ ಬಲಮುರಿಯ ಅರ್ಥ ಇದೇ: ಉತ್ತರ ಧ್ರುವ, ಎಕ್ಸ್ ಅಲೆ. ಅದರ ಜೊತೆ ಒಂದು ಅಂಕಿಯೂ ಬಂತು. ಆ ಕಲೆಯ ಮೇಲೆ ಕರೋನಾದ ಬುಡದಲ್ಲಿ ಕನಿಷ್ಠ 2000 ಗಾಸ್ ಇತ್ತು ಅಂತ ನೀವು ಹೇಳಬಹುದು. ಇಲ್ಲಿ ಗಾಸ್ ಸಿಕ್ಕಿದ್ದು ಧ್ರುವೀಕರಣದ ಪ್ರಮಾಣದಿಂದ ಅಲ್ಲ, ಫ್ರೀಕ್ವೆನ್ಸಿಯಿಂದ. ಧ್ರುವೀಕರಣ ಮಾಡಿದ್ದು, ಇದು ಯಾವ ಬಗೆಯ ಅಲೆ ಅಂತ ಗುರುತು ಹಿಡಿದುಕೊಟ್ಟ ಕೆಲಸ.

ಅದೇ ಕಲೆಯನ್ನು 5.7 ಗಿಗಾಹರ್ಟ್ಸ್‌ನಲ್ಲಿ ನೋಡಿದರೆ ಧ್ರುವೀಕರಣ ಕಡಿಮೆ ಆಗಿರಬಹುದು. ಅದಕ್ಕೆ ಕಾಂತಕ್ಷೇತ್ರ ಕಡಿಮೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಆ ಫ್ರೀಕ್ವೆನ್ಸಿಯಲ್ಲಿ ಎಕ್ಸ್ ಅಲೆಯ ಪದರ ಸುಮಾರು 680 ಗಾಸ್, ಓ ಅಲೆಯದು ಸುಮಾರು 1020 ಗಾಸ್. ದೊಡ್ಡ ಕಲೆಯ ಮೇಲೆ ಇವೆರಡೂ ಕರೋನಾದೊಳಗೇ ಇರುತ್ತವೆ. ಎರಡೂ ಬಿಸಿ, ಎರಡೂ ಹೊಳೆಯುತ್ತವೆ, ವ್ಯತ್ಯಾಸ ಸಣ್ಣದಾಗುತ್ತದೆ. ಶೇಕಡಾವಾರು ನೋಡಿ ಕಾಂತಕ್ಷೇತ್ರ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಅನುರಣನೆಯ ಅಲೆಗಳಲ್ಲಿ ಮಾತ್ರ ಆ ಹೋಲಿಕೆ ದಾರಿ ತಪ್ಪಿಸುತ್ತದೆ.

ಸೌರಕಲೆಯ ಮೇಲಿನ ಮೈಕ್ರೋವೇವ್ ಹೊಳಪಿಗೆ ಈ ವಿವರಣೆ ಕೊಟ್ಟದ್ದು 1962ರಲ್ಲಿ. ರಷ್ಯಾದ ಝೆಲೆಝ್ನ್ಯಾಕೋವ್ ಒಂದು ಕಡೆ, ಕಾಕಿನುಮಾ ಮತ್ತು ಗೋವಿಂದ ಸ್ವರೂಪ್ ಇನ್ನೊಂದು ಕಡೆ. ಅದನ್ನೇ ಇವತ್ತಿಗೂ ಬಳಸುತ್ತೇವೆ. 2017ರ ಸೆಪ್ಟೆಂಬರ್ 6ರಂದು 12673ನೇ ಸಂಖ್ಯೆಯ ಸಕ್ರಿಯ ಪ್ರದೇಶದ ಮೇಲೆ 34 ಗಿಗಾಹರ್ಟ್ಸ್‌ನಲ್ಲೂ ಇಂಥ ಹೊಳಪು ಸಿಕ್ಕಿತು. ಮೇಲಿನ ಲೆಕ್ಕವನ್ನೇ ಮಾಡಿ: 34000ವನ್ನು 3ರಿಂದ ಮತ್ತು 2.8ರಿಂದ ಭಾಗಿಸಿದರೆ ಸುಮಾರು 4000 ಗಾಸ್. ಕರೋನಾದ ಬುಡದಲ್ಲಿ ಅಷ್ಟು ಕಾಂತಕ್ಷೇತ್ರ ಅದಕ್ಕೆ ಮುಂಚೆ ಯಾರೂ ಅಳೆದಿರಲಿಲ್ಲ.

ಇನ್ನು ಎಡಮುರಿ ಗದ್ದಲ. 164 ಮೆಗಾಹರ್ಟ್ಸ್ ಅಂದರೆ ಫ್ರಾನ್ಸಿನ ನಾನ್ಸೆ ಹೀಲಿಯೋಗ್ರಾಫ್ ಬಳಸುತ್ತಿದ್ದ ಫ್ರೀಕ್ವೆನ್ಸಿ. ಕಲೆಗಳ ಗುಂಪಿನ ಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವ ಇಂಥ ಅಬ್ಬರವನ್ನು ಗದ್ದಲದ ಬಿರುಗಾಳಿ ಅನ್ನಬಹುದು. ಸೌರ ರೇಡಿಯೋ ಸ್ಫೋಟಗಳ ವರ್ಗೀಕರಣದಲ್ಲಿ ಇದು ಮೊದಲನೇ ವರ್ಗ. ಅಲೆ ಹುಟ್ಟುವ ಜಾಗವೂ ಬೇರೆ, ರೀತಿಯೂ ಬೇರೆ. ಕಲೆಯ ಬುಡದಲ್ಲಲ್ಲ, ಸುಮಾರು ಲಕ್ಷ ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ. ಅಲ್ಲಿ ಕಾಂತಕ್ಷೇತ್ರ ಸಾವಿರದ ಲೆಕ್ಕದಲ್ಲಿ ಇರುವುದಿಲ್ಲ, ಕೆಲವೇ ಗಾಸ್.

ಅಲ್ಲಿ ದೊರೆ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ ಒಡೆದ ಬಿಸಿ ಅನಿಲ. ಎಲೆಕ್ಟ್ರಾನ್‌ಗಳ ದಟ್ಟಣೆಗೆ ತಕ್ಕಂತೆ ಪ್ರತಿ ಪ್ಲಾಸ್ಮಾಕ್ಕೂ ತನ್ನದೇ ಒಂದು ಕಂಪನ ಇದೆ. ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನ್‌ಗಳ ಸಂಖ್ಯೆಯ ವರ್ಗಮೂಲ ತೆಗೆದು 9 ಕಿಲೋಹರ್ಟ್ಸ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 164 ಮೆಗಾಹರ್ಟ್ಸ್‌ಗೆ ಸುಮಾರು 33 ಕೋಟಿ ಎಲೆಕ್ಟ್ರಾನ್ ಬೇಕು. ವೇಗದ ಎಲೆಕ್ಟ್ರಾನ್‌ಗಳು ಈ ಕಂಪನವನ್ನು ಕೆರಳಿಸುತ್ತವೆ. ಆ ಕಂಪನದ ಒಂದು ಪಾಲು ರೇಡಿಯೋ ಅಲೆಯಾಗಿ ಹೊರಗೆ ಹೊರಡುತ್ತದೆ.

ಹೊರಡುತ್ತದೆ ಅಂದೆ, ಆದರೆ ಎಲ್ಲ ಅಲೆಗೂ ದಾರಿ ಬಿಡುವುದಿಲ್ಲ. ಪ್ಲಾಸ್ಮಾದ ಕಂಪನಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯ ಓ ಅಲೆ ಅಲ್ಲಿ ಹಾಯಲಾರದು. ಎಕ್ಸ್ ಅಲೆಗೆ ಈ ಮಿತಿ ಇನ್ನೂ ಮೇಲಿದೆ. ಅಂಕಿ ಇಟ್ಟು ನೋಡೋಣ. ಅಲ್ಲಿನ ಕಾಂತಕ್ಷೇತ್ರ 5 ಗಾಸ್ ಅಂದುಕೊಳ್ಳಿ. ಎಲೆಕ್ಟ್ರಾನ್ ಸುತ್ತುವ ಫ್ರೀಕ್ವೆನ್ಸಿ 14 ಮೆಗಾಹರ್ಟ್ಸ್ ಆಯಿತು. ಪ್ಲಾಸ್ಮಾದ ಕಂಪನ 164 ಇದ್ದ ಕಡೆ ಎಕ್ಸ್ ಅಲೆಯ ಕೆಳಮಿತಿ ಸುಮಾರು 171 ಮೆಗಾಹರ್ಟ್ಸ್. ಈಗ ಕಂಪನದಿಂದ ಹುಟ್ಟಿದ ಅಲೆ 164ರ ಮೇಲೆ ಒಂದೆರಡು ಮೆಗಾಹರ್ಟ್ಸ್‌ನಲ್ಲೇ ಇರುತ್ತದೆ ಅಲ್ವಾ? ಓ ಅಲೆಯಾದರೆ ಅದು ಆಚೆ ಬರಬಹುದು. ಎಕ್ಸ್ ಅಲೆಗೆ ಅಲ್ಲಿ ಇರುವುದಕ್ಕೇ ಆಗುವುದಿಲ್ಲ. ಆದ್ದರಿಂದ ನಮಗೆ ತಲುಪುವುದೆಲ್ಲ ಓ ಅಲೆ. ಉತ್ತರ ಧ್ರುವದ ಮೇಲೆ ಓ ಅಲೆ ಅಂದರೆ ಎಡಮುರಿ. ನಿಮಗೆ ಕಂಡದ್ದೂ ಅದೇ.

ಗದ್ದಲದ ಬಿರುಗಾಳಿಯಲ್ಲಿ ಗುಂಪಿನ ಯಾವ ಕಲೆಯ ಧ್ರುವ ಹಿಡಿಯಬೇಕು ಅನ್ನುವ ಪ್ರಶ್ನೆಯೂ ಇದೆ, ಯಾಕೆಂದರೆ ಗುಂಪಿನಲ್ಲಿ ಎರಡೂ ಧ್ರುವ ಇರುತ್ತದಲ್ಲ. ವೀಕ್ಷಣೆಗಳಿಂದ ಬಂದ ರೂಢಿಯ ನಿಯಮ ಏನೆಂದರೆ, ಸಾಮಾನ್ಯವಾಗಿ ಮುಂದಿನ ಕಲೆಯ ಧ್ರುವಕ್ಕೆ ಓ ಅಲೆ ಹೊಂದುತ್ತದೆ. ಮುಂದಿನ ಕಲೆ ಬಹಳ ಸಲ ದೊಡ್ಡದು, ಅದರ ಬಲರೇಖೆಗಳು ಮೇಲಕ್ಕೆ ಜಾಸ್ತಿ ಹಬ್ಬುತ್ತವೆ. 23ನೇ ಚಕ್ರದಲ್ಲಿ ಉತ್ತರಾರ್ಧದ ಗುಂಪುಗಳಲ್ಲಿ ಮುಂದಿನ ಕಲೆ ಸಾಮಾನ್ಯವಾಗಿ ಉತ್ತರ ಧ್ರುವದ್ದು, 24ನೇ ಚಕ್ರದಲ್ಲಿ ದಕ್ಷಿಣದ್ದು, 2019ರ ಡಿಸೆಂಬರಿನಲ್ಲಿ ಶುರುವಾದ 25ರಲ್ಲಿ ಮತ್ತೆ ಉತ್ತರದ್ದು. ಹಾಗಾಗಿ 24ನೇ ಚಕ್ರದ ಉತ್ತರಾರ್ಧದ ಬಿರುಗಾಳಿಗಳನ್ನು ತೆರೆದು ನೋಡಿದರೆ ಬಲಮುರಿಯೇ ಜಾಸ್ತಿ ಸಿಗಬೇಕು. ನೀವೇ ಪರೀಕ್ಷೆ ಮಾಡಿ ನೋಡಬಹುದು.

ಮೂರನೇ ವರ್ಗದ ಸ್ಫೋಟಗಳು (ವೇಗದ ಎಲೆಕ್ಟ್ರಾನ್‌ಗಳ ಹರಿವು ಕರೋನಾದಲ್ಲಿ ಹಾಯುವಾಗ ಬರುವ ಕ್ಷಣಿಕ ರೇಡಿಯೋ ಸ್ಫೋಟಗಳು) ಮಾತ್ರ ಇಷ್ಟು ಸರಳವಾಗಿ ಬಗ್ಗುವುದಿಲ್ಲ. ಅವೂ ಪ್ಲಾಸ್ಮಾದ ಕಂಪನದಿಂದಲೇ ಹುಟ್ಟುತ್ತವೆ. ಮೇಲಿನ ವಾದದ ಪ್ರಕಾರ ಮೂಲ ಫ್ರೀಕ್ವೆನ್ಸಿಯ ಅಲೆ ಶೇ. 100 ಓ ಅಲೆ ಆಗಿರಬೇಕು. ಅಳೆದರೆ ಸರಾಸರಿ ಶೇ. 35ರ ಹತ್ತಿರ. ಎರಡರಷ್ಟು ಫ್ರೀಕ್ವೆನ್ಸಿಯ ಅಲೆ ಸರಾಸರಿ ಶೇ. 11ರ ಸುಮಾರು. ಮೂಲ ಅಲೆಯ ಧ್ರುವೀಕರಣ ಎಲ್ಲಿ ಸೋರಿಹೋಯಿತು? ಕರೋನಾದ ದಟ್ಟಣೆ ನಯವಾಗಿಲ್ಲ, ಎಳೆ ಎಳೆಯಾಗಿದೆ. ಆ ಎಳೆಗಳಿಗೆ ಬಡಿದು ಚದುರುವಾಗ ಓ ಅಲೆಯ ಒಂದು ಪಾಲು ಎಕ್ಸ್ ಅಲೆಯಾಗಿ ಬದಲಾಗುತ್ತದೆ ಅನ್ನುವುದು ಮುಖ್ಯ ವಿವರಣೆ. ನನಗೂ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಅದೇ ಕರೋನಾದ ಮೂಲಕ ಬರುವ ಗದ್ದಲದ ಬಿರುಗಾಳಿ ಯಾಕೆ ಶೇ. 100 ಉಳಿಸಿಕೊಳ್ಳುತ್ತದೆ ಅನ್ನುವುದಕ್ಕೂ ಆ ವಿವರಣೆ ಉತ್ತರ ಕೊಡಬೇಕು. ಚರ್ಚೆ ಇನ್ನೂ ನಡೆದಿದೆ.

ಪ್ರಮಾಣದಿಂದ ಗಾಸ್ ಸಿಗುವ ಸಂದರ್ಭವೂ ಇದೆ. ಕಲೆ ಇಲ್ಲದ, ಆದರೆ ಕಾಂತಕ್ಷೇತ್ರ ಇರುವ ಪ್ರದೇಶಗಳಲ್ಲಿ ಎಲೆಕ್ಟ್ರಾನ್‌ಗಳು ಅಯಾನುಗಳ ಪಕ್ಕದಲ್ಲಿ ಹಾದು ಬಾಗುವಾಗ ಅಲೆ ಹುಟ್ಟುತ್ತದೆ. ಇದು ಸಾಮಾನ್ಯ ಶಾಖದ ಅಲೆ. ಇಲ್ಲಿ ಎಕ್ಸ್ ಅಲೆಗೆ ಪ್ಲಾಸ್ಮಾ ಸ್ವಲ್ಪ ಹೆಚ್ಚು ದಟ್ಟ, ಓ ಅಲೆಗೆ ಸ್ವಲ್ಪ ಕಡಿಮೆ. ಪದರ ತೆಳುವಾಗಿದ್ದರೆ ಧ್ರುವೀಕರಣದ ಪ್ರಮಾಣ, ಎಲೆಕ್ಟ್ರಾನ್ ಸುತ್ತುವ ಫ್ರೀಕ್ವೆನ್ಸಿಯನ್ನು ವೀಕ್ಷಣೆಯ ಫ್ರೀಕ್ವೆನ್ಸಿಯಿಂದ ಭಾಗಿಸಿ ಎರಡರಿಂದ ಗುಣಿಸಿದಷ್ಟು. ಸಿಗುವುದು ನಮ್ಮ ಕಡೆಗೆ ಇರುವ ಕಾಂತಕ್ಷೇತ್ರದ ಭಾಗ ಮಾತ್ರ. 17 ಗಿಗಾಹರ್ಟ್ಸ್‌ನಲ್ಲಿ ಶೇ. 1 ಧ್ರುವೀಕರಣ ಕಂಡರೆ ಸುಮಾರು 30 ಗಾಸ್. ಈಗ ಇದನ್ನು ತಿರುಗಿಸಿ ನೋಡಿ: ಉಪಕರಣದಲ್ಲಿ ಬಲಮುರಿ ಮತ್ತು ಎಡಮುರಿ ದಾರಿಗಳ ನಡುವೆ ಶೇ. 2 ಅಸಮತೋಲ ಇದ್ದರೂ ಇಲ್ಲದ 30 ಗಾಸ್ ಕಾಣಿಸುತ್ತದೆ. ಅದಕ್ಕೇ ಮೊದಲು ಸೂರ್ಯನ ಶಾಂತ ಪ್ರದೇಶ ನೋಡಿ, ಅಲ್ಲಿ ಬಲಮುರಿ ಎಡಮುರಿ ಸಮ ಇದೆಯಾ ಅಂತ ಖಚಿತ ಮಾಡಿಕೊಳ್ಳುವುದು. ಕಡಿಮೆ ಫ್ರೀಕ್ವೆನ್ಸಿಗೆ ಹೋದ ಹಾಗೆ ಅದೇ ಗಾಸ್‌ಗೆ ಪ್ರಮಾಣ ಏರುತ್ತದೆ, ಆದ್ದರಿಂದ ಮೀಟರ್ ಅಲೆಗಳಲ್ಲಿ ಒಂದೆರಡು ಗಾಸ್ ಕೂಡ ಅಳತೆಗೆ ಸಿಗುತ್ತದೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ ನೂರು ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳ ವೃತ್ತ ಧ್ರುವೀಕರಣದಿಂದ ಕರೋನಾದ ಕಾಂತಕ್ಷೇತ್ರ ಅಂದಾಜು ಮಾಡುವ ಕೆಲಸ ನಡೆದುಬಂದಿದೆ.

ಸೌರಜ್ವಾಲೆಯ ಮೈಕ್ರೋವೇವ್ ಅಲೆ ಇನ್ನೊಂದು ಬಗೆ. ಬೆಳಕಿನ ವೇಗದ ಹತ್ತಿರ ಹೋಗುವ ಎಲೆಕ್ಟ್ರಾನ್‌ಗಳು ಸುತ್ತುವಾಗ ಹುಟ್ಟುವುದು. ಇದರಲ್ಲಿ ರೋಹಿತದ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಹೊಳಪು ಅನ್ನುವ ರೇಖೆಯ) ಶಿಖರಕ್ಕಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಎಕ್ಸ್ ಅಲೆ ಮೇಲುಗೈ, ಶಿಖರಕ್ಕಿಂತ ಕೆಳಗೆ ಓ ಅಲೆ ಮೇಲುಗೈ ಆಗಬಹುದು. ಅಂದರೆ ಒಂದೇ ಜ್ವಾಲೆ, ಒಂದೇ ಜಾಗ, ಎರಡು ಮುರಿ. ನಿಮ್ಮ ಪ್ರಶ್ನೆ ಅಲ್ಲೂ ಹುಟ್ಟುತ್ತದೆ. 2017ರ ಸೆಪ್ಟೆಂಬರ್ 10ರ ದೊಡ್ಡ ಜ್ವಾಲೆಯಲ್ಲಿ ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಆಂಟೆನಾ ಸಾಲು ಕಾಂತಕ್ಷೇತ್ರ ಸೆಕೆಂಡಿಗೆ ಸುಮಾರು 5 ಗಾಸ್‌ನಂತೆ ಎರಡು ನಿಮಿಷದಷ್ಟು ಹೊತ್ತು ಕುಸಿಯುವುದನ್ನು ಹಿಡಿಯಿತು. ಆ ಅಳತೆ ಮುಖ್ಯವಾಗಿ ರೋಹಿತದ ಆಕಾರದಿಂದ ಬಂದದ್ದು. ಆದರೂ ಇಲ್ಲಿ ಹೇಳಬೇಕು ಅನ್ನಿಸಿತು, ಯಾಕೆಂದರೆ ಜ್ವಾಲೆಗೆ ಶಕ್ತಿ ಕೊಡುವ ಕಾಂತಕ್ಷೇತ್ರ ಕರಗುವುದನ್ನೇ ನೇರವಾಗಿ ಕಂಡ ಹಾಗಾಯಿತು ಅದು.

ರೇಡಿಯೋ ಯಾಕೆ ಬೇಕು ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1908ರಲ್ಲಿ ಜಾರ್ಜ್ ಎಲರಿ ಹೇಲ್ ಸೌರಕಲೆಗಳ ಬೆಳಕಿನ ರೋಹಿತದಲ್ಲಿ ಗೆರೆಗಳು ಸೀಳಿರುವುದನ್ನು ಕಂಡು, ಅಲ್ಲಿ ಸಾವಿರಾರು ಗಾಸ್ ಇದೆ ಅಂತ ತೋರಿಸಿದರು. ಝೀಮನ್ ಪರಿಣಾಮ ಅನ್ನುವುದು ಇದಕ್ಕೇ. ಇವತ್ತಿನ ಕಾಂತನಕ್ಷೆಗಳೂ ಅದೇ ತತ್ವದವು. ಆದರೆ ಅವು ಹೇಳುವುದು ಸೂರ್ಯನ ಮೇಲ್ಮೈಯ ಕಥೆ, ಸುಮಾರು 5800 ಡಿಗ್ರಿಯ ದ್ಯುತಿಗೋಳದ್ದು. ಕರೋನಾಕ್ಕೆ ಹೋದರೆ ಕಾಂತಕ್ಷೇತ್ರ ಬಿದ್ದುಹೋಗುತ್ತದೆ, ಸೀಳು ಕಿರಿದಾಗುತ್ತದೆ. ಲಕ್ಷಾಂತರ ಡಿಗ್ರಿ ಶಾಖದಲ್ಲಿ ಗೆರೆಗಳೇ ಅಗಲವಾಗಿ ಆ ಸೀಳನ್ನು ಮುಚ್ಚಿಬಿಡುತ್ತವೆ. ಅದರ ಮೇಲೆ ಕರೋನಾದ ಬೆಳಕು ಕ್ಷೀಣ, ಹಿಂದಿರುವ ಬಿಂಬ ಪ್ರಖರ. ದೊಡ್ಡ ದೂರದರ್ಶಕಗಳಿಂದ ಸೂರ್ಯನ ಅಂಚಿನಾಚೆ ಅಳೆಯುತ್ತಾರೆ, ಬಹಳ ಕಷ್ಟಪಟ್ಟು. ಬಿಂಬದ ಮೇಲಿರುವ ಕರೋನಾಕ್ಕೆ ಸಾಮಾನ್ಯವಾಗಿ ಮೇಲ್ಮೈಯ ನಕ್ಷೆಯಿಂದ ಮೇಲಕ್ಕೆ ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ಆ ಲೆಕ್ಕದಲ್ಲಿ ಕೆಲವು ಊಹೆಗಳಿವೆ. ಅವು ಸರಿಯಾ ಅಂತ ಪರೀಕ್ಷೆ ಮಾಡೋಕೆ ಕರೋನಾದಿಂದಲೇ ಬಂದ ಅಳತೆ ಬೇಕು. ರೇಡಿಯೋದಲ್ಲಿ ಕರೋನಾ ಬಿಂಬದ ಮುಂದೆಯೇ ತಾನಾಗಿ ಹೊಳೆಯುತ್ತದೆ.

ಸೂರ್ಯನ ರೇಡಿಯೋ ಅಲೆಯೇ ಮೊದಲು ಗಮನಕ್ಕೆ ಬಂದದ್ದು 1942ರ ಫೆಬ್ರುವರಿಯಲ್ಲಿ. ಬ್ರಿಟನ್ನಿನ ರೇಡಾರ್‌ಗಳಿಗೆ ಅಡ್ಡಿಯಾದ ಗದ್ದಲ ಸೂರ್ಯನದ್ದು, ಅದೂ ದೊಡ್ಡ ಕಲೆಗಳ ಗುಂಪಿನದ್ದು ಅಂತ ಜೆ. ಎಸ್. ಹೇ ಗುರುತಿಸಿದರು. ನಾಲ್ಕು ವರ್ಷದ ನಂತರ, 1946ರಲ್ಲಿ, ಆ ಗದ್ದಲ ವೃತ್ತಾಕಾರವಾಗಿ ಧ್ರುವೀಕೃತ ಅಂತ ಮೂರು ಗುಂಪುಗಳು ಬೇರೆ ಬೇರೆಯಾಗಿ ಕಂಡುಕೊಂಡವು: ಆಸ್ಟ್ರೇಲಿಯಾದಲ್ಲಿ ಮಾರ್ಟಿನ್, ಇಂಗ್ಲೆಂಡಿನಲ್ಲಿ ಆಪಲ್ಟನ್ ಮತ್ತು ಹೇ, ಕೇಂಬ್ರಿಜ್‌ನಲ್ಲಿ ರೈಲ್ ಮತ್ತು ವಾನ್‌ಬರ್ಗ್. ಆಗ ಕಾರಣದ ವಿವರ ಗೊತ್ತಿರಲಿಲ್ಲ, ಆದರೂ ಇದು ಕಾಂತಕ್ಷೇತ್ರದ ಗುರುತು ಅನ್ನುವುದು ಅವರಿಗೆ ಹೊಳೆದಿತ್ತು. ಸೂರ್ಯನನ್ನು ಇಡಿಯಾಗಿ ಒಂದೇ ಆಂಟೆನಾದಲ್ಲಿ ಹಿಡಿದರೆ ಉತ್ತರ ಧ್ರುವದ ಬಲಮುರಿ, ದಕ್ಷಿಣ ಧ್ರುವದ ಎಡಮುರಿ ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ಯಾವ ಕಲೆ ಎಷ್ಟು ಅಂತ ಬಿಡಿಸಿ ನೋಡುವ ಉಪಕರಣಗಳು ಬರುವವರೆಗೆ ಕೆಲಸ ನಿಧಾನವಾಗಿಯೇ ಸಾಗಿತು.

ಉದ್ದಕ್ಕೂ ವೃತ್ತ ಧ್ರುವೀಕರಣವನ್ನೇ ಹೇಳುತ್ತಿದ್ದೇನೆ, ರೇಖೀಯದ್ದು ಎಲ್ಲಿ ಅಂತ ನೀವು ಕೇಳಬಹುದು. ಅದು ಫ್ಯಾರಡೆ ತಿರುಗುವಿಕೆಗೆ ಬಲಿಯಾಗುತ್ತದೆ. ಕಾಂತಕ್ಷೇತ್ರ ಇರುವ ಪ್ಲಾಸ್ಮಾದಲ್ಲಿ ರೇಖೀಯ ಧ್ರುವೀಕರಣದ ತಳ ತಿರುಗುತ್ತಾ ಹೋಗುತ್ತದೆ, ತರಂಗಾಂತರದ ವರ್ಗಕ್ಕೆ ತಕ್ಕಂತೆ. ಕರೋನಾ ದಾಟುವಷ್ಟರಲ್ಲಿ ಸಾವಿರಾರು ಸುತ್ತು ಆಗಿರುತ್ತದೆ. ಗ್ರಾಹಕದ ಪಟ್ಟಿಯೊಳಗೇ ಪಕ್ಕಪಕ್ಕದ ಫ್ರೀಕ್ವೆನ್ಸಿಗಳು ಬೇರೆ ಬೇರೆ ಕೋನಕ್ಕೆ ಬಂದು ನಿಂತು, ಒಟ್ಟು ಸೇರಿ ಸೊನ್ನೆಯಾಗುತ್ತವೆ. ಬಹಳ ಕಿರಿದಾದ ಪಟ್ಟಿಯಲ್ಲಿ ನೋಡಿದಾಗ ಮಾತ್ರ ಏನಾದರೂ ಉಳಿದಿದ್ದರೆ ಸಿಗುತ್ತದೆ. ವೃತ್ತ ಧ್ರುವೀಕರಣದ ಮುರಿಗೆ ಈ ತೊಂದರೆ ಇಲ್ಲ.

ಮುರಿಗೆ ಬೇರೊಂದು ತೊಂದರೆ ಇದೆ. ಶುರುವಿನಲ್ಲಿ ದಾರಿಯೂ ಗೊತ್ತಾಗಬೇಕು ಅಂದದ್ದು ಇದಕ್ಕೇ. ಅಲೆ ಕಲೆಯಿಂದ ಹೊರಟು ಮೇಲೆ ಬರುವಾಗ ಕಾಂತಕ್ಷೇತ್ರ ಅದರ ದಾರಿಗೆ ನೆಟ್ಟಗೆ ಅಡ್ಡ ಬೀಳುವ ಜಾಗ ಸಿಗಬಹುದು. ಅದಕ್ಕೆ ಮುಂಚೆ ಬಲರೇಖೆ ನಮ್ಮ ಕಡೆಗೆ, ಅದು ದಾಟಿದ ಮೇಲೆ ನಮ್ಮಿಂದ ಆಚೆಗೆ. ಅಲ್ಲಿ ಎರಡು ಸಾಧ್ಯತೆ. ಕಡಿಮೆ ಫ್ರೀಕ್ವೆನ್ಸಿಯ ಅಲೆ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಎಕ್ಸ್ ಆಗಿದ್ದದ್ದು ಎಕ್ಸ್ ಆಗಿಯೇ ಉಳಿಯುತ್ತದೆ. ಆದರೆ ಬಲರೇಖೆಯ ದಿಕ್ಕು ತಿರುಗಿದ್ದರಿಂದ ಮುರಿಯೂ ತಿರುಗುತ್ತದೆ. ಹೆಚ್ಚು ಫ್ರೀಕ್ವೆನ್ಸಿಯ ಅಲೆ ಆ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾದುಹೋಗುತ್ತದೆ, ಹೊರಟ ಮುರಿಯನ್ನೇ ಉಳಿಸಿಕೊಳ್ಳುತ್ತದೆ. ಎರಡರ ನಡುವಿನ ಗಡಿ ಫ್ರೀಕ್ವೆನ್ಸಿ ಅಲ್ಲಿನ ಕಾಂತಕ್ಷೇತ್ರ, ಎಲೆಕ್ಟ್ರಾನ್ ದಟ್ಟಣೆ ಮತ್ತು ಕಾಂತಕ್ಷೇತ್ರ ದಿಕ್ಕು ಬದಲಿಸುವ ಉದ್ದದ ಅಳತೆಯಿಂದ ತೀರ್ಮಾನವಾಗುತ್ತದೆ. ಮಾರ್ಷಲ್ ಕೋಹೆನ್ 1960ರಲ್ಲೇ ಇದರ ಸಿದ್ಧಾಂತ ಬರೆದಿದ್ದರು.

ಇದನ್ನು ನಿಮ್ಮ ಗುಂಪಿನಲ್ಲೇ ನೋಡಬಹುದು. ಬರೀ ಕೇಳಿ ನಂಬುವುದಕ್ಕಿಂತ ನೀವೇ ನೋಡಿದರೆ ಚೆನ್ನ. ಸೂರ್ಯ ತಿರುಗುವುದರಿಂದ ಕಲೆ ದಿನಕ್ಕೆ ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಬಿಂಬದ ನಡುವಿನಿಂದ ಅಂಚಿಗೆ ಏಳು ದಿನದ ದಾರಿ. ಆ ಏಳೂ ದಿನದ 17 ಗಿಗಾಹರ್ಟ್ಸ್ ಚಿತ್ರ ತೆಗೆದುಕೊಳ್ಳಿ. ಜೊತೆಗೆ ಸೈಬೀರಿಯಾದ ಸೌರ ರೇಡಿಯೋ ದೂರದರ್ಶಕದ 5.7 ಗಿಗಾಹರ್ಟ್ಸ್ ಚಿತ್ರವನ್ನೂ ಇಟ್ಟುಕೊಳ್ಳಿ. ಅದೂ ಆ ಕಾಲದಲ್ಲಿ ಬಲಮುರಿ ಎಡಮುರಿ ಎರಡನ್ನೂ ದಾಖಲಿಸುತ್ತಿತ್ತು. ನಡುವಿನಲ್ಲಿರುವಾಗ ಎರಡರಲ್ಲೂ ಮುಂದಿನ ಕಲೆ ಬಲಮುರಿ, ಹಿಂದಿನದು ಎಡಮುರಿ ಇರುತ್ತದೆ. ಪಶ್ಚಿಮದ ಅಂಚಿಗೆ ಹತ್ತಿರವಾದ ಹಾಗೆ ಮುಂದಿನ ಕಲೆ ಅಂಚಿನ ಕಡೆಗೆ ಬೀಳುತ್ತದೆ. ಅದರಿಂದ ನಮ್ಮ ಕಡೆಗೆ ಹೊರಟ ಅಲೆ ಓರೆಯಾಗಿ, ಎರಡೂ ಕಲೆಗಳನ್ನು ಸೇರಿಸುವ ಕಮಾನುಗಳ ಮೇಲೆ ಹಾದುಬರಬೇಕು. ಕಾಂತಕ್ಷೇತ್ರ ಅಡ್ಡ ಬೀಳುವ ಜಾಗ ಅಲ್ಲೇ ಇರುವುದು. 5.7ರಲ್ಲಿ ಒಂದು ದಿನ ಮುಂದಿನ ಕಲೆಯೂ ಎಡಮುರಿಯಾಗುತ್ತದೆ. ಇಡೀ ಗುಂಪು ಒಂದೇ ಧ್ರುವದ್ದೇನೋ ಅನ್ನುವ ಹಾಗೆ ಕಾಣುತ್ತದೆ. 17ರಲ್ಲಿ ಹೀಗಾಗುವುದು ಅಪರೂಪ, ಅದು ಬಲಮುರಿಯಾಗಿಯೇ ಉಳಿಯಬೇಕು.

ಆ ಎರಡು ಚಿತ್ರ ಒಟ್ಟಿಗೆ ಇಟ್ಟಾಗ ಒಂದು ಅಳತೆ ಕೈಗೆ ಬರುತ್ತದೆ. ಗಡಿ ಫ್ರೀಕ್ವೆನ್ಸಿ 5.7ಕ್ಕೂ 17ಕ್ಕೂ ನಡುವೆ ಇದೆ ಅಂತಾಯಿತು. ತಿರುಗುವ ದಿನ ಹಿಡಿದರೆ, 5.7 ಗಿಗಾಹರ್ಟ್ಸ್ ತಾನೇ ಗಡಿಯಾಗಿದ್ದ ಹೊತ್ತು ಸಿಕ್ಕಿತು. ಗಡಿ ಫ್ರೀಕ್ವೆನ್ಸಿಯ ನಾಲ್ಕನೇ ಘಾತ, ಕಾಂತಕ್ಷೇತ್ರದ ಮೂರನೇ ಘಾತವನ್ನು ದಟ್ಟಣೆ ಮತ್ತು ಆ ಉದ್ದದಿಂದ ಗುಣಿಸಿದಷ್ಟಕ್ಕೆ ಸರಿಯಾಗಿ ಏರುತ್ತದೆ. ದಟ್ಟಣೆ ಮತ್ತು ಉದ್ದವನ್ನು ನೀವು ಅಂದಾಜು ಮಾಡಿಕೊಳ್ಳಬೇಕು. ಅದಕ್ಕೆ ಹೆದರಬೇಡಿ. ಅವೆರಡರ ಗುಣಲಬ್ಧದಲ್ಲಿ ನೀವು ಎರಡು ಪಟ್ಟು ತಪ್ಪಿದರೂ, ಘನಮೂಲ ತೆಗೆಯುವುದರಿಂದ ಕಾಂತಕ್ಷೇತ್ರದಲ್ಲಿ ಶೇ. 26ರಷ್ಟೇ ತಪ್ಪಾಗುತ್ತದೆ. ಕಲೆಯ ಬುಡದಲ್ಲಿ 2000 ಗಾಸ್ ಅಂತ 17 ಗಿಗಾಹರ್ಟ್ಸ್ ಹೇಳಿತ್ತು. ಕಮಾನುಗಳ ಮೇಲಿನ ಎತ್ತರದಲ್ಲಿ ನಿಮಗೆ ಸಿಗುವುದು ಕೆಲವು ಗಾಸ್‌ನಿಂದ ಹತ್ತಾರು ಗಾಸ್‌ವರೆಗಿನ ಅಂಕಿ. ಅದನ್ನು ಕಾಂತನಕ್ಷೆಯಿಂದ ಮೇಲಕ್ಕೆ ಹಾಕಿದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ ಮೊದಲು ದಟ್ಟಣೆಯ ಅಂದಾಜನ್ನು ತಿದ್ದಿ, ಆಮೇಲೆ ಆ ಲೆಕ್ಕದ ಊಹೆಗಳನ್ನು ಪ್ರಶ್ನೆ ಮಾಡಿ.